ಅಕ್ಕನ ಮನೆಯಲ್ಲಿ ನನ್ನ ಅರ್ಧ ಪಾಲು

ಕ್ಯಾಲಿಫೋರ್ನಿಯಾದ ಸ್ಯಾನ್ ರಮೋನ್‌ನಲ್ಲಿ ಮನೆ ನೋಡಲು ಹೋದಾಗ, ಇದು ನಿಮ್ಮ ಮೊದಲನೇ ಮನೆಯಾ ಎಂದು ಏಜೆಂಟು ಕೇಳಿದ. ನನ್ನ ಗಂಡ ಹೌದು ಅಂದರು, ನಾನು ಅಲ್ಲ ಅಂದೆ. ಮೂವರೂ ಮುಖ ಮುಖ ನೋಡಿಕೊಂಡೆವು.

ಮದುವೆಯಾದಾಗಿನಿಂದ ನಾವಿದ್ದದ್ದು ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿ. ಆದರೆ ಬೆರ್ರಿಯೆಸಾದ ಅಕ್ಕನ ಮನೆಯಲ್ಲಿ ನನಗೆ ಅರ್ಧ ಪಾಲಿತ್ತು. ಭಾವ ತೀರಿಕೊಂಡ ಮೇಲೆ ಅಕ್ಕ ಆ ಪುಟ್ಟ ಮನೆ ಕೊಳ್ಳಲು ಹೋದಾಗ ಅವಳೊಬ್ಬಳ ಸಂಬಳಕ್ಕೆ ಸಾಲ ಸಿಗಲಿಲ್ಲ. ಆಗಿನ್ನೂ ಒಂಟಿಯಾಗಿದ್ದ ನಾನು ಸಾಲಕ್ಕೂ ಮನೆಪತ್ರಕ್ಕೂ ನನ್ನ ಹೆಸರು ಸೇರಿಸಿದೆ. ಆಮೇಲೆ ಏಜೆಂಟು ಕೇಳುವವರೆಗೂ ಅದನ್ನು ಮರೆತೇಬಿಟ್ಟಿದ್ದೆ.

ಅಂದು ಸಂಜೆ ಲಂಡನ್ನಿನಲ್ಲಿರುವ ಮೈದುನ ಫೋನಿನಲ್ಲಿ ಸಿಕ್ಕ. ವಿಷಯ ಕೇಳಿದ್ದೇ ಗಾಬರಿಯಾದ.

"ಅತ್ತಿಗೆ, ಬೇರೆ ಮನೇಲಿ ಪಾಲಿದ್ರೂ ಸಾಕು, ಹೊಸದು ತಗೊಳ್ಳೋವಾಗ ಜಾಸ್ತಿ ಟ್ಯಾಕ್ಸ್ ಹಾಕ್ತಾರೆ. ನಂಗೂ ಹಂಗೇ ಆಯ್ತು. ಮೊದ್ಲು ಅಲ್ಲಿಂದ ಹೆಸ್ರು ತೆಗೆಸಿಬಿಡಿ."

ಅವನ ದೇಶ ಬೇರೆ, ನಮ್ಮದು ಬೇರೆ ಎನ್ನುವುದು ನನಗೆ ಹೊಳೆಯಲೇ ಇಲ್ಲ. ಶನಿವಾರ ಅಕ್ಕನ ಮನೆಗೆ ಹೋದೆ. ಅವಳು ಚಿತ್ರಾನ್ನಕ್ಕೆ ಒಗ್ಗರಣೆ ಹಾಕುತ್ತಿದ್ದಳು. ವಿಷಯ ಹೇಳಿದೆ. ಅವಳು ಒಲೆ ಆರಿಸಿದಳು.

"ಹೆಸ್ರು ತೆಗೀಬೇಕಾ? ತೆಗಿ. ನಿಂಗೂ ಸಂಸಾರ ಇದೆ."

"ಅದಕ್ಕಲ್ಲ ಅಕ್ಕ, ಟ್ಯಾಕ್ಸು..."

"ಯಾವ ಟ್ಯಾಕ್ಸು?"

ನನಗೂ ಗೊತ್ತಿರಲಿಲ್ಲ. ತಡವರಿಸಿದೆ. ಬಿಡಿಸಿ ಹೇಳಲು ಹೋದಷ್ಟೂ ಅವಳಿಂದ ಕಳಚಿಕೊಳ್ಳಲು ನೆಪ ಹುಡುಕುತ್ತಿರುವಂತೆ ನನಗೇ ಕೇಳಿಸತೊಡಗಿತು. ಅವಳು ಮತ್ತೆ ಒಲೆ ಹಚ್ಚಿದಳು.

ಮರುವಾರ ನಮ್ಮ ತೆರಿಗೆ ನೋಡಿಕೊಳ್ಳುವ ಮೈಸೂರು ಮೂಲದ ಹೆಂಗಸಿನ ಆಫೀಸಿಗೆ ಹೋದೆ. ಪೂರ್ತಿ ಕೇಳಿಸಿಕೊಂಡು ಆಕೆ ನಕ್ಕರು.

"ನಿಮ್ಮ ಮೈದುನ ಹೇಳಿದ್ದು ಅಲ್ಲಿನ ಕಾನೂನು ಕಣ್ರೀ. ಇಲ್ಲಿ ಪಾಲಿದೆ ಅಂತ ಕೊಳ್ಳೋರಿಗೆ ಹೆಚ್ಚು ಟ್ಯಾಕ್ಸ್ ಹಾಕಲ್ಲ. ಆದ್ರೆ ನೀವು ಹೆಸ್ರು ತೆಗೆಸಿದ್ರೆ, ನಿಮ್ಮ ಅರ್ಧಕ್ಕೆ ಕೊಂಡಾಗಿನ ಬೆಲೆ ಬಿಟ್ಟು ಇವತ್ತಿನ ಬೆಲೆ ಕಟ್ತಾರೆ. ನಿಮ್ಮಕ್ಕ ವರ್ಷವರ್ಷ ಕಟ್ಟೋ ಪ್ರಾಪರ್ಟಿ ಟ್ಯಾಕ್ಸು ಏರುತ್ತೆ. ಅಪ್ಪ ಅಮ್ಮನಿಂದ ಮಕ್ಕಳಿಗಾದ್ರೆ ಒಂದಿಷ್ಟು ರಿಯಾಯ್ತಿ ಇದೆ. ಅಕ್ಕ ತಂಗಿಗೆ ಇಲ್ಲ."

"ಹಾಗಾದ್ರೆ ನಂದು ಮೊದಲನೇ ಮನೆನೋ, ಎರಡನೇದೋ?"

"ಯಾರು ಕೇಳ್ತಾರೆ ಅನ್ನೋದ್ರ ಮೇಲೆ. ಬ್ಯಾಂಕಿಗೆ ಎರಡನೇದು, ಅಕ್ಕನ ಸಾಲದಲ್ಲಿ ನಿಮ್ಮ ಹೆಸ್ರಿದೆಯಲ್ಲ. ನೀವು ವಾಸ ಮಾಡೋಕೆ ಅಂದ್ರೆ ಮೊದಲನೇದು."

ಅರ್ಥವಾಯಿತೆಂದು ತಲೆಯಾಡಿಸಿದೆ. ಅರ್ಥವಾಗಿದ್ದು ಒಂದೇ: ಅಕ್ಕನಿಗೆ ಒಳ್ಳೆಯದಾಗಲಿ ಎಂದು ಜೊತೆಗೂಡಿದ್ದವಳು ಅವಳಿಗೇ ಹೊರೆ ಹೊರಿಸಲು ಹೊರಟಿದ್ದೆ. ಪಾರ್ಕಿಂಗ್‌ನಿಂದಲೇ ಫೋನು ಮಾಡಿದೆ.

"ಹೆಸ್ರು ತೆಗೆಯಲ್ಲ ಅಕ್ಕ. ತೆಗೆದ್ರೆ ನಿಂಗೇ ಕಷ್ಟ."



"ಕಷ್ಟ ಅಂತ ಮಾತ್ರಾನಾ?" ಎಂದಳು.

ಅಲ್ಲ ಎಂದೆ. ಅವಳು ಅತ್ತಳು. ಭಾವ ಹೋದಾಗಲೂ ನನ್ನೆದುರು ಅಳದಿದ್ದವಳು. ಆಮೇಲೆ ನಾವು ಮನೆ ಕೊಂಡದ್ದಾಯಿತು, ಹಾಲುಕ್ಕಿಸಲು ಅವಳೇ ಬಂದಳು. ಆದರೂ ಆ ದಿನ ಅವಳು ಅತ್ತದ್ದು ಸಮಾಧಾನಕ್ಕೋ ಸಿಟ್ಟಿಗೋ, ಇವತ್ತಿಗೂ ನನಗೆ ತಿಳಿಯದು.