ಚಿಕ್ಕಯ್ಯ ಸೋಲಬೇಕಿದ್ದ ಕುಸ್ತಿ

ಇದನ್ನು ಹೇಳುವುದನ್ನು ನಾನು ಮುಂದಕ್ಕೆ ಹಾಕುತ್ತಲೇ ಬಂದೆ. ಅಪ್ಪ ಇರುವತನಕ ಬೇಡ ಅಂದುಕೊಂಡೆ, ಆಮೇಲೆ ಮಕ್ಕಳ ಮದುವೆ ಮುಗಿಯಲಿ ಅಂದುಕೊಂಡೆ. ಈಗ ಬಿಡದಿಯ ಈ ಬಾಡಿಗೆ ಮನೆಯಲ್ಲಿ, ಮಗ ಕಾರ್ಖಾನೆಯ ಪಾಳಿಗೆ ಹೊರಟ ಮೇಲೆ, ಮೊಮ್ಮಗ ಟಿ.ವಿ. ಮುಂದೆ ಕೂತು ಫಾರಿನ್ ಕುಸ್ತಿ ಹಾಕಿಕೊಳ್ಳುತ್ತಾನೆ. ಠಣ್ ಎಂದು ಗಂಟೆ ಬಡಿಯುತ್ತದೆ. ಮುಖವಾಡ ತೊಟ್ಟ ದಾಂಡಿಗನೊಬ್ಬ ಹಗ್ಗ ಹಾರಿ ಒಳಗೆ ಬರುತ್ತಾನೆ. "ಇದೆಲ್ಲಾ ಡೂಪು ಕಣ್ ತಾತ, ಯಾರು ಬೀಳ್ಬೇಕು ಅಂತ ಮೊದ್ಲೇ ಮಾತಾಡ್ಕೊಂಡಿರ್ತಾರೆ" ಎಂದು ಹುಡುಗ ನಗುತ್ತಾನೆ. ನನಗೆ ಮಾತ್ರ ಆ ಗಂಟೆಯ ಸದ್ದಿಗೇ ಅಂಗೈ ಬೆವರುತ್ತದೆ.

ಚನ್ನಪಟ್ಟಣದಿಂದ ಬೈರಾಪಟ್ಟಣಕ್ಕೆ ಹೋಗುವ ದಾರಿಯಲ್ಲಿ ನಮ್ಮ ಮನೆಯಿತ್ತು, ಮನೆಗೆ ಅಂಟಿಕೊಂಡಂತೆ ಗರಡಿ. ತಲೆ ತಗ್ಗಿಸದೆ ಒಳಗೆ ಹೋಗಲಾಗದಷ್ಟು ಗಿಡ್ಡ ಬಾಗಿಲು. ಒಳಗೆ ಜರಡಿ ಹಿಡಿದ ಕೆಮ್ಮಣ್ಣು. ಅದಕ್ಕೆ ಬೇವಿನ ಸೊಪ್ಪು, ಅರಿಶಿನ, ಎಳ್ಳೆಣ್ಣೆ, ಹುಳಿ ಮಜ್ಜಿಗೆ ಬೆರೆಸಿ ಹದ ಮಾಡುತ್ತಿದ್ದರು. ಆ ಮಣ್ಣಿನ ವಾಸನೆ ಅಜ್ಜಿಯ ಸೆರಗಿನಲ್ಲಿತ್ತು, ನಮ್ಮ ಹಾಸಿಗೆಯಲ್ಲಿತ್ತು, ಉಣ್ಣುವ ಮುದ್ದೆಯಲ್ಲೂ ಇತ್ತೇನೋ. ನಿಮ್ಮ ನೆನಪಿನಲ್ಲೂ ಇಂಥ ಮನೆಯೊಂದು ಇರಬಹುದು; ಗೋಡೆ ಬಿದ್ದು ಎಷ್ಟು ಕಾಲವಾದರೂ ಅದರ ವಾಸನೆ ಮೂಗು ಬಿಟ್ಟು ಹೋಗುವುದಿಲ್ಲ. ಅಪ್ಪ ಆ ಗರಡಿಯ ವಸ್ತಾದ್, ಅಂದರೆ ಗುರು. ಅವನ ಒಬ್ಬನೇ ತಮ್ಮ ನನ್ನ ಚಿಕ್ಕಯ್ಯ. ದಿನಾ ಬೆಳಗ್ಗೆ ಹುಡುಗರೆಲ್ಲ ಸಾಲಾಗಿ ನಿಂತು ಅಂಗೈ ಚಾಚಬೇಕು, ಅಪ್ಪ ಒಂದೊಂದು ಚಿಟಿಕೆ ಮಣ್ಣು ಹಾಕಬೇಕು, ಅದನ್ನು ಹಣೆಗೆ ಹಚ್ಚಿಕೊಂಡೇ ಅಖಾಡಕ್ಕೆ ಇಳಿಯಬೇಕು. ಮೊದಲ ಚಿಟಿಕೆ ಯಾವಾಗಲೂ ಚಿಕ್ಕಯ್ಯನಿಗೆ. ಭುಜ ಜಾರಿದ ಮೇಲೆ ಅವನನ್ನು ಪಂದ್ಯಗಳಿಗೆ ಇಳಿಸುವುದನ್ನು ಅಪ್ಪ ನಿಲ್ಲಿಸಿದ್ದ. ಆದರೂ ಮಣ್ಣು ತಪ್ಪಿರಲಿಲ್ಲ. ಸಣ್ಣ ಹುಡುಗರಿಗೆ ಪಟ್ಟು ಹೇಳಿಕೊಡುತ್ತಾ ಅವನು ಅಲ್ಲೇ ಇದ್ದ.

ಆ ಬೇಸಿಗೆಯಲ್ಲಿ ಪಟ್ಟಣಕ್ಕೆ ಟಿಕೆಟ್ ಕುಸ್ತಿಯ ಕಂಪನಿಯೊಂದು ಬಂತು. ಜಟಕಾ ಗಾಡಿಗೆ ಮೈಕು ಕಟ್ಟಿಕೊಂಡು ಊರೂರು ಸುತ್ತಿ ಸಾರಿದರು. ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಕುಸ್ತಿ, ಇಬ್ಬರ ಕೈಗೂ ಒಂದೇ ಸರಪಳಿ ಬಿಗಿದ ಕುಸ್ತಿ, ಕೊನೆಗೆ ಮುಖವಾಡದ ಬರ್ಮಾ ಕರಿಹುಲಿ! ಕರಿಹುಲಿ ಸೋತರೆ ಅವನ ಮುಖವಾಡ ಕಳಚುವುದು ಮಾತ್ರ ಇಲ್ಲಿ ಅಲ್ಲ, ಮಾರನೆಯ ದಿನ ಮದ್ದೂರಿನಲ್ಲಿ, ಬೇರೆ ಟಿಕೆಟ್ಟಿಗೆ. ಅದನ್ನು ಕೇಳಿ ಗರಡಿಯ ಹುಡುಗರು ನಕ್ಕರು. ಅಪ್ಪ ನಗಲಿಲ್ಲ. "ನಗ್ಬೇಡ್ರಲಾ. ಬೀಳಕ್ಕೆ ಒಪ್ಕೊಂಡು ಬಿದ್ದೋನು ನನ್ ಗರಡಿ ಮಣ್ಣು ಮುಟ್ಟಂಗಿಲ್ಲ, ಅಷ್ಟೇಯ" ಎಂದ. ಮೂಲೆಯಲ್ಲಿ ಗದೆಗೆ ಎಣ್ಣೆ ಸವರುತ್ತಿದ್ದ ಚಿಕ್ಕಯ್ಯ ತಲೆ ಎತ್ತಲಿಲ್ಲ.

ಆಟದ ಹಿಂದಿನ ದಿನ ಅವನು ನನ್ನನ್ನು ಹಿಪ್ಪುನೇರಳೆ ತೋಟಕ್ಕೆ ಕರೆದುಕೊಂಡು ಹೋದ. ಸೊಪ್ಪು ಕೊಯ್ಯುತ್ತಾ ಕೊಯ್ಯುತ್ತಾ ಕೈ ನಿಲ್ಲಿಸಿದ.

"ಕಂಪನಿ ಕರಿಹುಲಿಗೆ ಜ್ವರ ಕಣ್ಲಾ. ನಾಳೆ ಮುಖವಾಡದೊಳಗೆ ನಾನಿರ್ತೀನಿ. ಯಾರಿಗಾದ್ರೂ ಹೇಳ್ದೆ ಇದ್ರೆ ಎದೆ ಒಡ್ದೋಯ್ತದೆ, ಅದ್ಕೆ ನಿಂಗೆ ಹೇಳ್ತಾ ಇವ್ನಿ."

"ಗೆಲ್ತೀಯಾ ಚಿಕ್ಕಯ್ಯ?"

"ಇಲ್ಲ, ಬೀಳ್ಬೇಕು. ಮಾತಾಗೈತೆ." ನನ್ನ ಮುಖ ನೋಡಿ ನಕ್ಕ. "ಬಿದ್ರೆ ಏನ್ಲಾ? ಬೀಳೋಕ್ಮುಂಚೆ ಒಸಿ ಹೊತ್ತು ಜನದ ಮುಂದೆ ನಿಂತಿರ್ತೀನಲ್ಲ. ನಿಮ್ಮಪ್ಪಂಗೆ ಗೊತ್ತಾದ್ರೆ ಮಾತ್ರ ನಂಗೆ ಗರಡಿ ಇಲ್ಲ. ಆಣೆ ಇಡು."

ಗರಡಿಯ ಮೇಲೆ ಆಣೆ ಇಟ್ಟೆ.

ಮಾರನೆಯ ಸಂಜೆ ಬಯಲಿನಲ್ಲಿ ಹಲಗೆ ಜೋಡಿಸಿ, ಸುತ್ತ ಬಾವಿಹಗ್ಗ ಬಿಗಿದಿದ್ದರು. ನಾನು ಗೆಳೆಯ ಸಿದ್ದನ ಜೊತೆ ಮುಂದೆಯೇ ಕೂತಿದ್ದೆ. ಕಣ್ಣಿಗೆ ಬಟ್ಟೆ ಕಟ್ಟಿಕೊಂಡವರು ತಡಕಾಡಿ ತಡಕಾಡಿ ಕೊನೆಗೆ ರೆಫರಿಯನ್ನೇ ಕೆಡವಿದಾಗ ಜನ ಬಿದ್ದೂ ಬಿದ್ದೂ ನಕ್ಕರು. ನನಗೆ ನಗು ಬರಲಿಲ್ಲ. ಆಮೇಲೆ ಗಂಟೆ ಬಡಿಯಿತು, ಕರಿಹುಲಿ ಬಂದ. ಬಂದವನೇ ಬಗ್ಗಿ ಹಲಗೆ ಮುಟ್ಟಿ, ಮುಟ್ಟಿದ ಬೆರಳನ್ನು ಹಣೆಗೆ ಒಯ್ದ. ಮಣ್ಣಿಲ್ಲದ ಕಡೆಯೂ ಮಣ್ಣಿನ ಅಭ್ಯಾಸ! ಸದ್ಯ, ಯಾರೂ ಗಮನಿಸಲಿಲ್ಲ. ಮೊದಮೊದಲು ಚಿಕ್ಕಯ್ಯ ಚೆನ್ನಾಗಿಯೇ ಆಡಿದ. ಎದುರಾಳಿಯನ್ನು ಎತ್ತಿ ತಿರುಗಿಸಿದಾಗ ಜನ ಎದ್ದು ನಿಂತು ಶಿಳ್ಳೆ ಹಾಕಿದರು. ಮುಖವಾಡದೊಳಗೆ ಅವನು ನಗುತ್ತಿದ್ದಾನೆ ಎಂದು ನನಗೊಬ್ಬನಿಗೇ ಗೊತ್ತಿತ್ತು. ಆಮೇಲೆ ಬೀಳುವ ಹೊತ್ತು ಬಂತು. ಎದುರಾಳಿ ಅವನ ಎದೆಯ ಮೇಲೆ ಕೂತು ಕಪಾಳಕ್ಕೆ ಬಿಗಿದ. ಜನ ಕಡಲೆಕಾಯಿ ಸಿಪ್ಪೆ ಎಸೆದರು.

"ಕರಿಹುಲಿ ಅಂತೆ! ಕುರಿಮರಿ ಕಣ್ಲಾ ಇದು" ಎಂದ ಸಿದ್ದ. "ನಿಮ್ ಗರಡೀಲಿ ಕಸ ಗುಡ್ಸೋನೂ ಇವ್ನಿಗಿಂತ ವಾಸಿ."

ಎದ್ದು ನಿಂತೆ. ಇಡೀ ಬಯಲಿಗೆ ಕೇಳುವಂತೆ ಕೂಗಿದೆ: "ಚಿಕ್ಕಯ್ಯಾ, ಎದ್ದೇಳು!"

ಬಾಯಿ ತಪ್ಪಿ ಬಂದ ಮಾತಲ್ಲ ಅದು. ಕೂಗುವ ಮುಂಚೆ ಆಣೆ ನೆನಪಾಯಿತು, ಅಪ್ಪನ ಮುಖ ನೆನಪಾಯಿತು. ಆದರೂ ನನ್ನ ಚಿಕ್ಕಯ್ಯನನ್ನು ಕುರಿಮರಿ ಅಂದವರ ಬಾಯಿ ಮುಚ್ಚಿಸಬೇಕೆಂಬ ಹಟವೇ ದೊಡ್ಡದಾಯಿತು. ವಸ್ತಾದರ ಮಗನಿಗೆ ಇರುವುದು ಒಬ್ಬನೇ ಚಿಕ್ಕಯ್ಯ ಎಂದು ಆ ಸೀಮೆಗೆಲ್ಲ ಗೊತ್ತಿತ್ತು. ಗದ್ದಲ ನಿಂತಿತು. "ವಸ್ತಾದ್ರ ತಮ್ಮ ಕಣ್ರೋ!" ಎಂದು ಯಾರೋ ಅಂದರು. ಎದುರಾಳಿಯೂ ಗಾಬರಿಯಾಗಿ ಹಿಡಿತ ಸಡಿಲಿಸಿದ. ಏಳಬಹುದಿತ್ತು. ಮುಖವಾಡದ ತೂತುಗಳಿಂದ ಚಿಕ್ಕಯ್ಯ ನನ್ನನ್ನೇ ನೋಡಿದ. ಒಂದು ಭುಜ ಹಲಗೆಯಿಂದ ಕೊಂಚ ಮೇಲೆದ್ದಿತು. ಮತ್ತೆ ನಿಧಾನವಾಗಿ ಹಲಗೆಗೇ ಒರಗಿತು. ಗಂಟೆ ಬಡಿಯಿತು.

ನಾನೂ ಚಿಕ್ಕಯ್ಯನೂ ಮನೆ ಸೇರುವ ಮೊದಲೇ ಸುದ್ದಿ ಸೇರಿತ್ತು. ಜಗಲಿಯ ಮೇಲೆ ಕೂತಿದ್ದ ಅಪ್ಪ ಮೊದಲು ಕೇಳಿದ್ದು ನನ್ನನ್ನು. "ನಿಂಗೆ ಗೊತ್ತಿತ್ತೇನ್ಲಾ?"

ಚಿಕ್ಕಯ್ಯನೇ ಹೇಳಿದ: "ಅವ್ನಿಗೇನು ಗೊತ್ತು ಕಣಣ್ಣ? ಮೈಕಟ್ಟು ನೋಡಿ ಗುರುತು ಹಿಡ್ದವ್ನೆ. ಮಗು ಅಲ್ವಾ, ಕೂಗ್ಬುಟ್ಟ."

ನಾನು ಹೌದೆಂದು ತಲೆ ಆಡಿಸಿದೆ.

"ಜನ ಗುರುತು ಹಿಡಿದ್ಮೇಲಾದ್ರೂ ಏಳ್ಬೌದಾಗಿತ್ತಲ್ಲೋ" ಎಂದ ಅಪ್ಪ.

"ಬೀಳ್ತೀನಿ ಅಂತ ಮಾತು ಕೊಟ್ಟಿದ್ದೆ ಕಣಣ್ಣ."

ಮಾರನೆಯ ಬೆಳಗ್ಗೆ ಚಿಕ್ಕಯ್ಯ ಎಂದಿನಂತೆ ಸಾಲಿನ ಮೊದಲಲ್ಲಿ ಅಂಗೈ ಚಾಚಿ ನಿಂತ. ಅಪ್ಪ ಅವನನ್ನು ದಾಟಿ ಪಕ್ಕದವನ ಕೈಗೆ ಮಣ್ಣು ಹಾಕಿದ. ಸಾಲು ಮುಗಿಯುವತನಕ ಆ ಅಂಗೈ ಹಾಗೇ ಚಾಚಿಕೊಂಡಿತ್ತು. ನಾನು ಬಾಯಿ ತೆರೆದು 'ನನಗೆ ಗೊತ್ತಿತ್ತು' ಅಂದಿದ್ದರೆ ಅಪ್ಪನ ಸಿಟ್ಟಿನಲ್ಲಿ ಒಂದು ಪಾಲಾದರೂ ನನ್ನ ಮೇಲೆ ತಿರುಗುತ್ತಿತ್ತು. ಅನ್ನಲಿಲ್ಲ. ಚಿಕ್ಕಯ್ಯ ಟವೆಲು ಕೊಡವಿ ಹೆಗಲಿಗೆ ಹಾಕಿಕೊಂಡು, ತಲೆ ತಗ್ಗಿಸಿ ಆ ಬಾಗಿಲು ದಾಟಿದ. ಎಷ್ಟೋ ದಿನ ಅಜ್ಜಿ ಅವನ ಪಾಲಿನ ಮುದ್ದೆ ಎತ್ತಿಡುತ್ತಿದ್ದಳು. ಕೊನೆಗೆ ಅದೂ ನಿಂತಿತು. ಹೇಳಿಕೊಡುವವನಿಲ್ಲದೆ ಸಣ್ಣ ಹುಡುಗರು ಬರುವುದು ಬಿಟ್ಟರು, ಅಪ್ಪನಿಗೂ ಕೈ ಸೋತಿತು. ಈಗ ಆ ಜಾಗದಲ್ಲಿ ಕಾರ್ಖಾನೆಗೆ ಜನ ಸಾಗಿಸುವ ಬಸ್ಸುಗಳು ಸಾಲಾಗಿ ನಿಲ್ಲುತ್ತವೆ.

ಹೈಸ್ಕೂಲು ಮುಗಿಸಿದ ವರ್ಷ ರಾಮನಗರಕ್ಕೆ ಅವನನ್ನು ಹುಡುಕಿಕೊಂಡು ಹೋದೆ. ಸಾಹೇಬರೊಬ್ಬರ ಶೆಡ್ಡಿನಲ್ಲಿ ಗೂಡು ಬೇಯಿಸಿ ರೇಷ್ಮೆ ತೆಗೆಯುತ್ತಿದ್ದ. ಬಿಸಿನೀರಿನಲ್ಲಿ ನೆಂದು ನೆಂದು ಅವನ ಬೆರಳು ಬಿಳಿಚಿ ಸುಕ್ಕುಗಟ್ಟಿದ್ದವು. "ನಮ್ಮಣ್ಣನ ಮಗ ಸಾಹೇಬ್ರೆ, ಹತ್ನೇ ಕ್ಲಾಸು ಪಾಸಾಗವ್ನೆ" ಎಂದು ಎಲ್ಲರಿಗೂ ತೋರಿಸಿದ. ನಾನು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದಿದ್ದೆ. "ಚಿಕ್ಕಯ್ಯ, ಅವತ್ತು..." ಎಂದು ಶುರು ಮಾಡಿದೆ. "ಟೀ ಆರೋಯ್ತದೆ, ಕುಡಿಲಾ" ಎಂದ. ಸುಮ್ಮನಾಗಲು ಅಷ್ಟೇ ನೆಪ ಸಾಕಾಯಿತು ನನಗೆ. ಕುಡಿದು ಎದ್ದು ಬಂದೆ. ಮತ್ತೆ ಹೋಗುವಷ್ಟರಲ್ಲಿ ಅವನು ಬದುಕಿರಲಿಲ್ಲ.

ಅವನನ್ನು ನಾನು ಒಮ್ಮೆಯೂ ಹೆಸರು ಹಿಡಿದು ಕರೆದವನಲ್ಲ. ನಮ್ಮ ಕಡೆ ಹಾಗೆ ಕರೆಯುವುದಿಲ್ಲ. ಇಲ್ಲಿ ಬರೆಯುತ್ತಿದ್ದೇನೆ. ನಾನು ಕ್ಷಮೆ ಕೇಳದೆ ಉಳಿದವನ ಹೆಸರು ಹೊಂಬಾಳಯ್ಯ.