ಯಜಮಾನರ ಬಾಗಿಲಲ್ಲಿ ಅಂಜಿನಮ್ಮನ ಹಂಡೆ

ಪೀಣ್ಯದ ಕಡೆಯಿಂದ ಮೊದಲ ಪಾಳಿಯ ಸೈರನ್ ಇನ್ನೂ ಕೂಗಿಲ್ಲ. ತುಮಕೂರು ರಸ್ತೆಯಲ್ಲಿ ಲಾರಿಗಳು ಮಾತ್ರ ಎದ್ದಿವೆ. ನಾಗಸಂದ್ರದಲ್ಲಿ ವಠಾರದ ಯಜಮಾನ ಹನುಮಂತರಾಯಪ್ಪನವರ ಮನೆ ಮುಂದಿನ ಹೊಂಗೆಮರದ ಕೆಳಗೆ ಮೂರು ಕಲ್ಲಿನ ಒಲೆ ಧಗಧಗ ಉರಿಯುತ್ತಿದೆ. ಒಲೆಗೆ ಹಾಕಿರುವುದು ಕಾರ್ಖಾನೆಯವರು ಎಸೆದ ಪೆಟ್ಟಿಗೆ ಹಲಗೆ. ಮೇಲೆ ಕೂತಿರುವುದು ಮಸಿ ಹಿಡಿದ ತಾಮ್ರದ ಹಂಡೆ. ಪಕ್ಕದಲ್ಲಿ ಅಂಜಿನಮ್ಮ ಸೀರೆ ಎತ್ತಿಕಟ್ಟಿ, ಕಾಲು ನೀಡಿಕೊಂಡು ಕೂತಿದ್ದಾರೆ. ನೀಡಿದ ಕಾಲಿನ ಮೇಲೆ ಒಂದು ಕೂಸು ಬೋರಲು ಮಲಗಿ, ಊರೆಲ್ಲ ಎದ್ದೇಳುವ ಹಾಗೆ ಕಿರುಚುತ್ತಿದೆ. "ಅಳು ಮಗಾ, ಇನ್ನೂ ಜೋರಾಗಿ ಅಳು. ಒಳಗಿರೋ ಯಜಮಾನ್ರಿಗೂ ಕೇಳಿಸ್ಲಿ," ಎನ್ನುತ್ತ ಅಂಜಿನಮ್ಮ ಚೊಂಬಿನಿಂದ ಬಿಸಿನೀರು ಹುಯ್ಯುತ್ತಾರೆ.

ಯಜಮಾನರ ಬಾಗಿಲು ಮುಚ್ಚಿದೆ. ಕಿಟಕಿಯ ಒಂದು ಬಾಗಿಲು ಮಾತ್ರ ಅರ್ಧ ತೆರೆದುಕೊಂಡು, ಯಾರೋ ಇಣುಕಿ, ಮತ್ತೆ ಮುಚ್ಚಿಕೊಳ್ಳುತ್ತದೆ. ಅಂಜಿನಮ್ಮ ಅದನ್ನು ನೋಡಿಯೂ ನೋಡದ ಹಾಗೆ ಕೂಸಿನ ಬೆನ್ನು ತೀಡುತ್ತಾರೆ. ಜಗಲಿಯ ಮೇಲೆ ಇನ್ನೂ ಆರೇಳು ಮಕ್ಕಳು ಗೋಡೆಗೆ ಒರಗಿ, ತೂಕಡಿಸುತ್ತ, ತಮ್ಮ ಸರದಿ ಕಾಯುತ್ತಿವೆ. ಒಂದರ ಮೂಗು ಸುರಿಯುತ್ತಿದೆ, ಇನ್ನೊಂದರ ಚಡ್ಡಿ ಕಾಣೆಯಾಗಿದೆ. ಮಕ್ಕಳಿಗೆ ನೀರೆರೆಯುವುದಕ್ಕೆ ಇದೇ ಅಂಗಳ ಯಾಕೆ ಎಂದು ದಾರಿಹೋಕರು ಕೇಳಿದರೆ, ಅಂಜಿನಮ್ಮ ಗದ್ದ ಎತ್ತಿ ಎದುರಿನ ವಠಾರ ತೋರಿಸುತ್ತಾರೆ. ಸಿಮೆಂಟ್ ಶೀಟಿನ ರೂಮುಗಳ ಉದ್ದನೆ ಸಾಲು. ಕೊನೆಯ ರೂಮಿಗೆ ಹಿತ್ತಾಳೆ ಬೀಗ. ಬೀಗ ಬಿದ್ದು ವಾರದ ಮೇಲಾಯಿತು.

ಆ ರೂಮೇ ಇಷ್ಟು ದಿನ ಅಂಜಿನಮ್ಮನ ಮಕ್ಕಳ ಮನೆ. ವಠಾರದ ಹೆಂಗಸರೆಲ್ಲ ಸೇರಿ ಬಾಡಿಗೆಗೆ ಹಿಡಿದದ್ದು. ಸ್ವಿಚ್ಚು ಜೋಡಿಸುವವರು, ಊದುಬತ್ತಿ ಹೊಸೆಯುವವರು, ಬೋಲ್ಟು ನಟ್ಟು ಪ್ಯಾಕ್ ಮಾಡುವವರು. ಒಬ್ಬೊಬ್ಬರಿಗೂ ಮೂರು, ನಾಲ್ಕು ಮಕ್ಕಳು, ಎಲ್ಲ ಒಂದರ ಹಿಂದೊಂದು. ಸೈರನ್ ಕೂಗುವುದರೊಳಗೆ ಇವನ್ನೆಲ್ಲ ಎಬ್ಬಿಸಿ, ತೊಳೆದು, ತಿನ್ನಿಸಿ, ಗೇಟು ಮುಚ್ಚುವ ಮೊದಲು ಓಡಬೇಕೆಂದರೆ ಎಂಥ ಗಟ್ಟಿಗಿತ್ತಿಗೂ ಕೈ ನಾಲ್ಕಿರಬೇಕು. "ಎಲ್ಡೇ ಕೈ ಕೊಟ್ಟವ್ನೆ ದೇವ್ರು. ಮಿಕ್ಕಿದ್ದೆಲ್ಡು ನಂದು ಅಂದೆ, ಅಷ್ಟೇಯ," ಎನ್ನುತ್ತಾರೆ ಅಂಜಿನಮ್ಮ.

ನೀರೆರೆದ ಮೇಲೆ ಕಿವಿಯ ಹಿಂದೆ, ಕತ್ತಿನ ಮಡಿಕೆಯಲ್ಲಿ, ತೊಡೆಸಂದಿಯಲ್ಲಿ ಒಣಬಟ್ಟೆಯಿಂದ ಒತ್ತಿ ಒರೆಸುತ್ತಾರೆ. ಅಲ್ಲಿ ತೇವ ನಿಂತರೆ ಕೆಂಪಗೆ ಹುಣ್ಣಾಗುತ್ತದೆ. ಹಲ್ಲು ಬಾರದ ಕೂಸುಗಳಿಗೆ ಮೊಳಕೆ ಕಟ್ಟಿದ ರಾಗಿಯ ಸರಿ, ಹಲ್ಲು ಬಂದವಕ್ಕೆ ಮೆತ್ತಗಿನ ಮುದ್ದೆ, ಸೊಪ್ಪಿನ ಬಸ್ಸಾರು. ಕುಡಿಯಲು ಕುದಿಸಿ ಆರಿಸಿದ ನೀರು, ಅದೂ ಮುಚ್ಚಳವಿರುವ ಮಣ್ಣಿನ ಮಡಕೆಯಲ್ಲಿ. ಪೋಲಿಯೋ ಹನಿ ಹಾಕುತ್ತಾರೆ ಎಂದು ಗೊತ್ತಾದರೆ ಎರಡನ್ನು ಸೊಂಟಕ್ಕೆ ಏರಿಸಿ, ಮಿಕ್ಕವನ್ನು ಸೆರಗು ಹಿಡಿಸಿಕೊಂಡು ಆಸ್ಪತ್ರೆಗೆ ನಡೆದುಬಿಡುತ್ತಾರೆ. ತಾಯಂದಿರನ್ನೂ ಬಿಡುವವರಲ್ಲ. ಸಂಜೆ ಮಗುವನ್ನು ಎತ್ತಿಕೊಳ್ಳಲು ಬಂದವಳಿಗೆ ಮೊದಲು ಒಂದು ಲೋಟ ಗಂಜಿ ಕುಡಿಸಿಯೇ ಮಗು ಕೊಡುವುದು. "ನಿನ್ ಹೊಟ್ಟೆ ಬೆನ್ನಿಗಂಟೈತೆ, ಹಾಲೆಲ್ಲಿಂದ ಬಂದಾತು? ಕುಡಿ ಮೊದ್ಲು!" ಈ ಗದರಿಕೆಗೆ ಬೆದರದ ಹೆಣ್ಣು ವಠಾರದಲ್ಲಿಲ್ಲ.

ಈ ಗದರಿಕೆಗೆ ಬೇರು ಬೇರೆ ಕಡೆ ಇದೆ. ಹತ್ತು ವರ್ಷದ ಹಿಂದೆ ಅಂಜಿನಮ್ಮನ ಐದು ಮಕ್ಕಳಲ್ಲಿ ಮೂರನೆಯವಳಿಗೆ ವಾಂತಿಭೇದಿ ಹತ್ತಿತು. ಗಂಡ ಚಿಕ್ಕಮುನಿಯಪ್ಪ ಫೌಂಡ್ರಿಯಲ್ಲಿ ಮಣ್ಣು ಹೊರಲು ಹೋಗಿದ್ದರು. ಮನೆ ತುಂಬಿದ್ದ ಹಿರಿಯರು ನೀರು ಕೊಟ್ಟರೆ ಭೇದಿ ಹೆಚ್ಚುತ್ತದೆ, ತೊಟ್ಟೂ ಕೊಡಬೇಡ ಎಂದರು. ಮಗು ನೀರಿಗೆ ಕೈ ಚಾಚುತ್ತಿತ್ತು. ಅಂಜಿನಮ್ಮ ಚೊಂಬನ್ನು ಸೆರಗಿನಲ್ಲಿ ಮುಚ್ಚಿಟ್ಟುಕೊಂಡು ಕೂತರು. ಸಂಜೆಗೆ ಆ ಕೈ ಚಾಚುವುದು ನಿಂತುಹೋಯಿತು. "ದೊಡ್ಡೋರ ಮಾತು ಕೇಳ್ದೆ. ಅವತ್ತೇ ಕೊನೆ. ಇನ್ನು ಈ ಜನ್ಮದಾಗೆ ಮಕ್ಕಳ ಇಚಾರಕ್ಕೆ ಯಾರ ಮಾತೂ ಕೇಳಾಕಿಲ್ಲ ಅಂದ್ಕಂಡೆ," ಎಂದು ಅವರು ಹೇಳುವಾಗ ಕಣ್ಣಲ್ಲಿ ನೀರಿಲ್ಲ. ಸಿಟ್ಟಿದೆ. ಆ ಸಿಟ್ಟು ಇವತ್ತಿಗೂ ಆರಿಲ್ಲ, ಆರುವುದೂ ಬೇಡ.

ಈಗಿನ ಜಗಳಕ್ಕೆ ಕಾರಣವೂ ನೀರೇ. ವಠಾರದ ನಲ್ಲಿಯಲ್ಲಿ ನೀರು ದಿನ ಬಿಟ್ಟು ದಿನ ಬರುತ್ತದೆ, ಬಂದರೂ ಬೆರಳಿನ ಗಾತ್ರ. ಹಾಗಾಗಿ ಹೋದ ದಸರೆಯ ಹೊತ್ತಿಗೆ ಹನುಮಂತರಾಯಪ್ಪನವರು ಗುಜರಿಯಿಂದ ಒಂದು ಲೋಡು ಕಬ್ಬಿಣದ ಡ್ರಮ್ಮು ತರಿಸಿ, ಪ್ರತಿ ರೂಮಿನ ಬಾಗಿಲಿಗೂ ಒಂದೊಂದು ನಿಲ್ಲಿಸಿದರು. ಯಾವುದೋ ಕಾರ್ಖಾನೆಯಲ್ಲಿ ಲೋಹಕ್ಕೆ ಹೊಳಪು ಕೊಡುವ ಮದ್ದು ತುಂಬಿ ಬಂದಿದ್ದ ಡ್ರಮ್ಮುಗಳವು. ಹೆಂಗಸರಿಗೆ ಹಿಡಿಸಲಾರದ ಹಿಗ್ಗು. ಬೂದಿ, ಹುಣಸೇಹಣ್ಣು ಹಾಕಿ ಹಿತ್ತಾಳೆ ಕೊಡಪಾನ ಬೆಳಗುವ ಹಾಗೆ ಬೆಳಗಿದರು. ಬಿಸಿಲಿಗೆ ಒಣಗಿಸಿ, ಆಯುಧಪೂಜೆಯ ದಿನ ಅರಿಶಿನ ಕುಂಕುಮ ಇಟ್ಟು, ಹೂವು ಮುಡಿಸಿ, ಗಂಗಮ್ಮನನ್ನು ತುಂಬಿಸಿಕೊಂಡರು. ಕುಂಕುಮ ಇಟ್ಟ ಕೈ ಅಂಜಿನಮ್ಮನದೇ. ಪೂಜೆ ಕಂಡದ್ದು ಮೈಲಿಗೆಯಾಗುವುದುಂಟೇ! ಮಕ್ಕಳು ಬಗ್ಗಿ ಬಿದ್ದಾವು ಎಂದು ಅವರು ಮಕ್ಕಳ ರೂಮಿಗೆ ಬಂದ ಡ್ರಮ್ಮನ್ನು ಮಾತ್ರ ಸ್ವಿಚ್ಚು ಜೋಡಿಸುವ ಪ್ರಭಾಗೆ ಕೊಟ್ಟುಬಿಟ್ಟರು. ಪ್ರಭಾ ಮನೆಯಲ್ಲಿ ಎರಡಾದವು.

ಆಮೇಲೆ ಶುರುವಾಯಿತು ಸೋಮವಾರದ ಕಾಟ. ವಾರವೆಲ್ಲ ಚೆನ್ನಾಗಿರುವ ಮಕ್ಕಳು ಸೋಮವಾರ ಬೆಳಿಗ್ಗೆ ಬಾಡಿದ ಮುಖ ಹೊತ್ತು ಬರುತ್ತವೆ. ಹೊಟ್ಟೆನೋವು, ವಾಂತಿ, ಬಾಯಿ ಸುತ್ತ ಗುಳ್ಳೆ. ಭಾನುವಾರದ ಬಾಡೂಟ ಹೆಚ್ಚಾಯಿತು ಎಂದರು ಕೆಲವರು. ದೃಷ್ಟಿಯಾಗಿದೆ ಎಂದು ಮೆಣಸಿನಕಾಯಿ ನೀವಾಳಿಸಿದರು ಮತ್ತೆ ಕೆಲವರು. ಅಂಜಿನಮ್ಮ ಸರಿಯಾಗಿ ನೋಡಿಕೊಳ್ಳುತ್ತಿಲ್ಲ ಎಂಬ ಪಿಸುಮಾತೂ ಎದ್ದಿತು. ಅಂಜಿನಮ್ಮನಿಗೆ ತಡೆಯಲಿಲ್ಲ. "ನನ್ ತಾವು ಇರೋಗಂಟ ಚೆಂದಾಗಿರ್ತವೆ. ಒಂದಿನ ಮನೇಲಿದ್ದು ಬಂದ್ರೆ ಇಂಗಾಯ್ತವೆ. ಮನೇಲಿ ಏನೈತೆ ಅಂತ ನೋಡ್ಬೇಕಾ ಬ್ಯಾಡ್ವಾ?" ಎನ್ನುತ್ತ ಒಂದು ಸೋಮವಾರ ಮಧ್ಯಾಹ್ನ ಪ್ರಭಾ ಬಾಗಿಲಿಗೆ ನಡೆದರು. ಕೊನೆಯ ಮಗುವಿಗೆ ಹುಷಾರಿಲ್ಲದೆ ಪ್ರಭಾ ಅವತ್ತು ಕೆಲಸಕ್ಕೆ ಹೋಗಿರಲಿಲ್ಲ.

ಒಂದು ಡ್ರಮ್ಮು ಬರಿದಾಗಿ ತಳ ಕಾಣುತ್ತಿತ್ತು. ಅಂಜಿನಮ್ಮ ಒಳಗೆ ಬಗ್ಗಿ, ತೊಳೆದವರ ಕೈ ತಲುಪಿರದ ತಳದ ಅಂಚನ್ನು ಹುಣಸೇಹಣ್ಣಿನಿಂದ ಗಸಗಸ ಉಜ್ಜಿದರು. ಕೈ ಹೊರಗೆ ತೆಗೆದರೆ ಹುಣಸೇಹಣ್ಣು ಹಸಿರಾಗಿತ್ತು. ಹಿತ್ತಾಳೆ ಪಾತ್ರೆಯಲ್ಲಿ ಹುಳಿ ನಿಂತರೆ ಕಿಲುಬು ಹಿಡಿಯುತ್ತದೆ, ಕಿಲುಬು ವಿಷ ಎಂದು ಯಾವ ಹೆಂಗಸಿಗೆ ಗೊತ್ತಿಲ್ಲ? ಆದರೆ ಕಬ್ಬಿಣದ ಡ್ರಮ್ಮಿಗೆ ಹಸಿರು ಎಲ್ಲಿಂದ ಬಂತು, ಆ ಹೊಳಪಿನ ಮದ್ದಿನಿಂದಲ್ಲದೆ? ಅಂಜಿನಮ್ಮ ಸೀರೆ ಎತ್ತಿಕಟ್ಟಿದರು. ಅಂಗಾಲು ಊರಿ ಒದ್ದರು. ಪಕ್ಕದಲ್ಲಿದ್ದ ತುಂಬಿದ ಡ್ರಮ್ಮು ದಢಾರನೆ ಉರುಳಿತು. ಅರಿಶಿನ ಕುಂಕುಮ ಇಟ್ಟ ಡ್ರಮ್ಮು, ಅದೂ ಕಾಲಿನಲ್ಲಿ!

"ಅಯ್ಯಯ್ಯೋ ಅಂಜಿನಮ್ಮಕ್ಕ, ತಲೆ ಕೆಟ್ಟಿದ್ಯಾ ನಿಂಗೆ? ನಾಳಿದ್ದಿನವರ್ಗೂ ನೀರಿಲ್ಲ ಕಣೇ!" ಎಂದು ಪ್ರಭಾ ಕೈ ಹಿಡಿದೆಳೆದಳು. ಅಂಜಿನಮ್ಮ ಕೊಡವಿಕೊಂಡು ಮುಂದಿನ ಬಾಗಿಲಿಗೆ ಹೋದರು. ಸಂಜೆ ಪಾಳಿ ಮುಗಿಸಿ ಬಂದ ಹೆಂಗಸರಿಗೆ ಓಣಿಯೆಲ್ಲ ಕೆಸರು, ಬಾಗಿಲಲ್ಲೆಲ್ಲ ಮಗುಚಿ ಬಿದ್ದ ಡ್ರಮ್ಮು. ಒಲೆ ಮೇಲೆ ಎಸರಿಡಲು ನೀರಿಲ್ಲ. ಆಡಬಾರದ ಮಾತೆಲ್ಲ ಆಡಿದರು. "ನಿನ್ ಕೈ ಸೇದೋಗಾ" ಎಂದವಳು ಒಬ್ಬಳಾದರೆ, ಮಗುವನ್ನು ಇನ್ನು ನಿನ್ನ ಬಳಿ ಬಿಡುವುದಿಲ್ಲ ಎಂದವಳು ಇನ್ನೊಬ್ಬಳು. ಗಲಾಟೆ ಕೇಳಿ ಹನುಮಂತರಾಯಪ್ಪನವರು ಪಂಚೆ ಎತ್ತಿಕಟ್ಟಿಕೊಂಡು ಕೆಂಡಾಮಂಡಲವಾಗಿ ಬಂದರು. ಹಿಂದೆ ಅವರ ಹೆಂಡತಿ ಕೃಷ್ಣಮ್ಮ, ಸೊಂಟದ ಮೇಲೆ ಮೊಮ್ಮಗ ನಾಣಿ.

ಅಂಜಿನಮ್ಮ ಒಂದೇ ಒಂದು ಡ್ರಮ್ಮನ್ನು ಬೇಕೆಂದೇ ಉಳಿಸಿಕೊಂಡಿದ್ದರು. ಅದರಿಂದ ಒಂದು ಲೋಟ ನೀರು ಮೊಗೆದು ಎದುರಿಗೆ ಹಿಡಿದರು. "ಯಜಮಾನ್ರೇ, ನೀವು ಊರಿಗೆ ದೊಡ್ಡೋರು. ಈ ನೀರು ಚೆನ್ನಾಗದೆ ಅಂದ್ರೆ ನಿಮ್ಮ ನಾಣೀಗೆ ಒಂದ್ ಗುಟುಕು ಕುಡ್ಸಿ. ಕುಡ್ಸಿದ್ರೆ ಈಗಿಂದೀಗ್ಲೇ ಗಂಟುಮೂಟೆ ಕಟ್ಟಿ ಒಲ್ಟೋಯ್ತೀನಿ, ಇವ್ರ ಕಾಲಿಗೂ ಬೀಳ್ತೀನಿ." ಹನುಮಂತರಾಯಪ್ಪನವರು ಲೋಟ ನೋಡಿದರು, ಮೊಮ್ಮಗನನ್ನು ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ಕೃಷ್ಣಮ್ಮ ನಾಣಿಯ ಬಾಯಿಗೆ ಸೆರಗು ಅಡ್ಡ ಹಿಡಿದು ಎರಡು ಹೆಜ್ಜೆ ಹಿಂದೆ ಸರಿದರು. ಅದನ್ನು ಎಲ್ಲ ಹೆಂಗಸರೂ ಕಂಡರು. ಯಜಮಾನರ ಮನೆಯವರು ಕುಡಿಯುವುದು ಹಿತ್ತಲ ಬಾವಿಯ ನೀರು ಎಂಬುದು ಆಗ ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ಪ್ರಭಾ ಮುಂದೆ ಬಂದು, ಉಳಿದಿದ್ದ ಆ ಡ್ರಮ್ಮನ್ನು ತಾನೇ ಉರುಳಿಸಿದಳು.

ಬಡವರ ಸಿಟ್ಟು ದವಡೆಗೆ ಮೂಲ ಎನ್ನುತ್ತಾರೆ. ಮರುದಿನವೇ ಮಕ್ಕಳ ಮನೆಗೆ ಬೀಗ ಬಿತ್ತು. "ತೊಳ್ಸೇ ಕೊಟ್ಟಿದ್ದೆ ಸ್ವಾಮಿ. ಪೀಣ್ಯದ ಸುತ್ತ ಎಲ್ಲಾ ವಠಾರದಾಗೂ ಇವೇ ಡ್ರಮ್ಮು. ನನ್ ಜಾಗದಾಗಿದ್ಕಂಡು ನನ್ನೇ ಬೀದಿಗೆ ನಿಲ್ಸಿದ್ಲಲ್ಲ ಆಯಮ್ಮ," ಎಂಬುದು ಹನುಮಂತರಾಯಪ್ಪನವರ ವಾದ. ಅವರ ಉರಿಯೂ ಸುಳ್ಳಲ್ಲ. ರಾಗಿ ಬೆಳೆಯುತ್ತಿದ್ದ ಹೊಲ ಕಾರ್ಖಾನೆಗೆ ಹೋದ ಮೇಲೆ ಅವರಿಗೆ ಉಳಿದಿರುವುದು ಈ ವಠಾರ ಒಂದೇ. ಆದರೆ ರೂಮು ಹೋದರೆ ಮಕ್ಕಳನ್ನು ಬಿಡಲು ಜಾಗವಿಲ್ಲ, ಮಕ್ಕಳನ್ನು ಬಿಡದಿದ್ದರೆ ಕೆಲಸವಿಲ್ಲ. ಮೂರು ದಿನ ಗೇಟಿಗೆ ಬಾರದವಳ ಜಾಗಕ್ಕೆ ನಾಲ್ಕನೆಯ ದಿನ ಇನ್ನೊಬ್ಬಳು ಕೂತಿರುತ್ತಾಳೆ.

ಬೀಗ ಕಂಡ ಬೆಳಿಗ್ಗೆ ಹೆಂಗಸರು ಮಕ್ಕಳನ್ನು ಹಿಡಿದುಕೊಂಡು ಕಂಗಾಲಾಗಿ ನಿಂತಿದ್ದರು. ಅಂಜಿನಮ್ಮ ಹೊರಗೆ ಉಳಿದಿದ್ದ ಹಂಡೆಯನ್ನು ತಲೆ ಮೇಲೆ ಹೊತ್ತು, ನೇರ ರಸ್ತೆ ದಾಟಿ, ಯಜಮಾನರ ಹೊಂಗೆಮರದ ಕೆಳಗೆ ಇಳಿಸಿದರು. "ನೀವು ಕೆಲ್ಸಕ್ಕೋಗ್ರಿ. ನಾನಿಲ್ಲೇ ಇರ್ತೀನಿ. ಕೂಸುಗಳ್ನ ಜಗಲಿಯಿಂದ ಎಬ್ಬಿಸೋ ಗಂಡು ಯಾವನವ್ನೆ ನೋಡಾನ," ಎಂದರಂತೆ. ಅಂದಿನಿಂದ ನೀರೆರೆಯುವುದು ಅಲ್ಲೇ, ಉಣಿಸುವುದು ಅಲ್ಲೇ. ಬಿಸಿಲು ಏರಿದರೆ ಜಗಲಿಯ ಮೇಲೆ ಸಾಲಾಗಿ ಮಲಗಿಸುತ್ತಾರೆ. ಹನುಮಂತರಾಯಪ್ಪನವರು ಹೊರಗೆ ಹೋಗಬೇಕೆಂದರೆ ಮಲಗಿದ ಮಕ್ಕಳ ನಡುವೆ ತುದಿಗಾಲಲ್ಲಿ ದಾಟಬೇಕು. ನೋಡಿದವರಿಗೆ ನಗು, ಅವರಿಗೆ ಪ್ರಾಣಸಂಕಟ. ಹೆಂಗಸರು ಪಾಳಿ ಮುಗಿಸಿ, ಕಾರ್ಖಾನೆ ಗೇಟಿನ ಬೋರ್‌ವೆಲ್ಲಿನಿಂದ ತಲೆಗೊಂದು, ಸೊಂಟಕ್ಕೊಂದು ಕೊಡ ಹೊತ್ತು ತರುತ್ತಾರೆ. ಕತ್ತು ನೋಯುತ್ತದೆ ಎಂದು ಗೊಣಗುತ್ತಾರೆ, ಆದರೆ ಡ್ರಮ್ಮು ಬೇಕು ಎನ್ನುವುದಿಲ್ಲ. ಈ ಸೋಮವಾರ ವಾಂತಿ ಮಾಡಿದ ಮಗು ಒಂದೂ ಇಲ್ಲ.

ಏನು ಬೇಕು ನಿಮಗೆ ಎಂದರೆ ಅಂಜಿನಮ್ಮ ಸೋಪಿನ ಕೈ ನಿಲ್ಲಿಸದೆ ಹೇಳುತ್ತಾರೆ, "ವಠಾರಕ್ಕೊಂದು ಸಿಮೆಂಟ್ ತೊಟ್ಟಿ, ಅದ್ಕೊಂದು ಮುಚ್ಚಳ. ನನ್ ಮಕ್ಕಳ ರೂಮು. ಮಿಕ್ಕಿದ್ದೇನೂ ಬ್ಯಾಡ."

ಮಕ್ಕಳ ಸರದಿ ಮುಗಿಯುತ್ತ ಬರುವಷ್ಟರಲ್ಲಿ ಮುಚ್ಚಿದ್ದ ಬಾಗಿಲು ಕಿರುಗುಟ್ಟುತ್ತದೆ. ಕೃಷ್ಣಮ್ಮ ಹೊರಗೆ ಬರುತ್ತಾರೆ. ಒಂದು ಕೈಯಲ್ಲಿ ನಾಣಿ, ಮೈಗೆಲ್ಲ ಎಣ್ಣೆ ಹಚ್ಚಿಸಿಕೊಂಡು ಮಿರಮಿರ ಮಿಂಚುತ್ತಿದ್ದಾನೆ. ಇನ್ನೊಂದು ಕೈಯಲ್ಲಿ ಬೀಗದ ಕೈ. "ತಗಾ ಅಂಜಿನಮ್ಮ. ಅವ್ರು ಬಾಯ್ಬಿಟ್ಟು ಯೋಳಾಕಿಲ್ಲ, ನಾನೇ ಕೊಡ್ತಾ ಇವ್ನಿ. ನಡೀ, ಒಳಗ್ ನಡೀ," ಎನ್ನುತ್ತಾರೆ ಮೆಲ್ಲಗೆ.

ಅಂಜಿನಮ್ಮ ಬೀಗದ ಕೈಯನ್ನು ನೋಡುತ್ತಾರೆ, ಕೈ ಚಾಚುವುದಿಲ್ಲ. ಮನೆಯ ಪಕ್ಕದಲ್ಲಿ ಹೊಸ ರೂಮುಗಳಿಗೆಂದು ಪೇರಿಸಿಟ್ಟ ಡ್ರಮ್ಮುಗಳ ರಾಶಿಯ ಕಡೆ ಗದ್ದ ಎತ್ತುತ್ತಾರೆ. "ಅವು ತಳ ತೂತಾಗಿ ಗುಜರಿಗೆ ವಾಪಸ್ ಓಗ್ಲಿ, ಆಮೇಲೆ ಈಸ್ಕತೀನಿ ಅಮ್ಮಾವ್ರೇ. ನಾವು ಬಿಟ್ಟಿದ್ನ ಇನ್ಯಾರ್ದೋ ಮಕ್ಕಳು ಕುಡಿಯೋದು ಬ್ಯಾಡ."

ಕೃಷ್ಣಮ್ಮ ನಾಣಿಯನ್ನು ಸೊಂಟಕ್ಕೆ ಏರಿಸಿಕೊಳ್ಳುತ್ತಾರೆ. ಆಮೇಲೆ ಬಾಗಿಲ ಕಡೆ ತಿರುಗಿ, ಬೀದಿಗೆಲ್ಲ ಕೇಳುವ ಹಾಗೆ, "ಕೇಳಿಸ್ತಾ? ಬಂದು ಉರುಳ್ಸಿ ಮತ್ತೆ!" ಎಂದು ಕೂಗುತ್ತಾರೆ. ಒಳಗಿನಿಂದ ಮೊದಲು ಕೆಮ್ಮು, ಆಮೇಲೆ ಚಪ್ಪಲಿ ಸದ್ದು. ಪಂಚೆ ಎತ್ತಿಕಟ್ಟಿದ ಹನುಮಂತರಾಯಪ್ಪನವರು ಯಾರ ಮುಖವನ್ನೂ ನೋಡದೆ ಮೊದಲ ಡ್ರಮ್ಮಿಗೆ ಕೈ ಹಚ್ಚುತ್ತಾರೆ. ಅದು ಗಡಗಡ ಉರುಳಿಕೊಂಡು ರಸ್ತೆಗೆ ಬೀಳುತ್ತದೆ. ಪೀಣ್ಯದ ಸೈರನ್ನೂ ಅದೇ ಹೊತ್ತಿಗೆ ಕೂಗುತ್ತದೆ.

ಕೃಷ್ಣಮ್ಮ ನಾಣಿಯನ್ನು ಎಲ್ಲರಿಗಿಂತ ಮೊದಲು ಅಂಜಿನಮ್ಮನ ಕಾಲಿನ ಮೇಲೆ ಮಲಗಿಸಲು ಬಗ್ಗುತ್ತಾರೆ. ಅಂಜಿನಮ್ಮ ಒದ್ದೆ ಕೈಯಿಂದಲೇ ತಡೆಯುತ್ತಾರೆ.

"ಜಗಲಿ ಮ್ಯಾಲೆ ಸಾಲಾಗ್ ಕೂರ್ಸಿ ಅಮ್ಮಾವ್ರೇ. ಇವ್ನಿಗಿಂತ ಮುಂದ್ಲೇ ಬಂದೋರು ಇನ್ನೂ ಇಬ್ರವ್ರೆ."