ಅಮಾತೆಪ್ಪ ವಿಮಾನದಲ್ಲಿ ತಂದ ಸೀರೆ

ಇಳಕಲ್ಲಿನಲ್ಲಿ ಸೀರೆ ಮಾರಿ ದೊಡ್ಡವನಾಗಿ, ಇಳಕಲ್ ಸೀರೆ ಎಂದರೆ ಮೂಗು ಮುರಿಯುತ್ತಿದ್ದ ಮನುಷ್ಯನನ್ನು ನೀವು ನೋಡಿಲ್ಲದಿದ್ದರೆ ನಷ್ಟವೇನಿಲ್ಲ. ನಾನು ನೋಡಿದ್ದೇನೆ. ನನ್ನ ದೊಡ್ಡಪ್ಪನ ಮಗ ಅಮಾತೆಪ್ಪ. ನೇಕಾರರ ಓಣಿಯಲ್ಲೇ ಹುಟ್ಟಿದವನು, ಎಂಬತ್ತರ ದಶಕದ ಹೊತ್ತಿಗೆ ಆ ಓಣಿಗೆ ಬಂದರೆ ಮೂಗಿಗೆ ಕರ್ಚೀಫು ಹಿಡಿಯುತ್ತಿದ್ದ. ಮುಂಬಯಿಗೆ ಹೋಗಿ ಬಂದನೆಂದರೆ ವಾರಗಟ್ಟಲೆ ಯಾರ ಜೊತೆಗೂ ನೆಟ್ಟಗೆ ಮಾತಿಲ್ಲ.

ಅವನ ತಂಗಿ ಗುರುಲಿಂಗವ್ವನನ್ನು ಬಾದಾಮಿಗೆ ಕೊಟ್ಟಿದ್ದರು. ಆಕೆಯ ಮಗಳ ಮದುವೆ ಮಹಾಕೂಟದಲ್ಲಿ ನಿಶ್ಚಯವಾಯಿತು. ನಮ್ಮ ಮನೆತನದಲ್ಲಿ ಅಕ್ಕಿಕಾಳಿನ ಹೊತ್ತಿಗೆ, ಅಂದರೆ ಅಕ್ಷತೆ ಹಾಕುವಾಗ, ಮದುಮಗಳು ಉಡುವುದು ಸೋದರಮಾವ ತಂದ ಸೀರೆ. ಅವಳ ಕೈ ಹಿಡಿದು ಹಂದರಕ್ಕೆ ಕರೆತರುವವನೂ ಅವನೇ. ಹಿರಿಯನಾದ್ದರಿಂದ ಆ ಮಾನ ಅಮಾತೆಪ್ಪನದು.

"ಇಳಕಲ್ ಸೀರಿ ಕೂಲಿ ಹೆಂಗಸರೂ ಉಡತಾರ. ನಾ ಮುಂಬೈದಿಂದ ಬನಾರಸ ತರ್ತೇನಿ, ವಿಮಾನದಾಗ ತರ್ತೇನಿ" ಎಂದ.

ಅವನ ತಮ್ಮ ಕಲ್ಲಪ್ಪ ಇನ್ನೂ ಮಗ್ಗದಲ್ಲಿ ಕೂರುವವನು. "ಯಣ್ಣಾ, ನಾನೂ ಒಂದು ನೇಯ್ದಿರ್ತೇನಿ, ಇರಲಿ" ಅಂದ.

"ಅದನ್ನ ನಿನ್ನ ಹೆಂಡತಿಗೆ ಉಡಸು ಹೋಗಲೇ."

ಮುಂದಿನದನ್ನು ಅಮಾತೆಪ್ಪನೇ ಊರೆಲ್ಲ ಹೇಳಿಕೊಂಡು ತಿರುಗಿದ್ದಾನೆ, ತಪ್ಪೆಲ್ಲ ಬೇರೆಯವರದೆಂದು. ಮುಂಬಯಿಯಿಂದ ಬೆಳಗಾವಿಗೆ ಟಿಕೀಟು ಕೊಂಡದ್ದು ದೊಡ್ಡ ಕಂಪನಿಯದು. ಆ ದಾರಿಯಲ್ಲಿ ಹಾರುವುದು ಮಾತ್ರ ಅದರ ಜೊತೆಗಾರ ಕಂಪನಿಯ ಪುಟ್ಟ ವಿಮಾನ. ಟಿಕೀಟಿನ ಮೇಲೆ ಹಾಗಂತ ಬರೆದೂ ಇತ್ತು. ಇವನಿಗೆ ಟಿಕೀಟು ತೋರಿಸಿ ಗೊತ್ತೇ ಹೊರತು ಓದಿ ಗೊತ್ತಿಲ್ಲ. ದೊಡ್ಡ ಕಂಪನಿಯ ಸಾಲಿನಲ್ಲಿ ಎದೆಯುಬ್ಬಿಸಿ ನಿಂತ. ಅಲ್ಲಿಂದ ಮೂಲೆಯ ಇನ್ನೊಂದು ಮೇಜಿಗೆ ಅಟ್ಟಿದರು. ಅಲ್ಲಿ ಮೊದಲು ಸಾಮಾನು ತೂಗಿದರು, ಆಮೇಲೆ ಹತ್ತಿಯ ಅಂಡಿಗೆ ತೂಗುವಂತೆ ಇವನನ್ನೂ ತೂಗಿದರು. ಸಣ್ಣ ವಿಮಾನಕ್ಕೆ ಅಷ್ಟು ಲೆಕ್ಕ ಬೇಕಂತೆ. ಈ ವಿಮಾನದ ನಿಯಮ ಬೇರೆ, ಎರಡರಲ್ಲಿ ಒಂದೇ ಸೂಟ್‌ಕೇಸು ತರಬಹುದು, ಇನ್ನೊಂದನ್ನು ಜಾಗ ಸಿಕ್ಕಾಗ ಕಳಿಸುತ್ತೇವೆ ಎಂದರು.

ಒಂದರಲ್ಲಿ ಬನಾರಸ ಸೀರೆಯಿತ್ತು. ಇನ್ನೊಂದರಲ್ಲಿ ಮದುವೆಗೆಂದು ಹೊಲಿಸಿದ ಇವನ ಕೋಟು, ಜರಿಯ ರುಮಾಲು. ಸೀರೆಯೊಂದನ್ನು ತೆಗೆದು ಬಗಲಲ್ಲಿ ಇಟ್ಟುಕೊಂಡಿದ್ದರೆ ಮುಗಿಯುತ್ತಿತ್ತು. ಆದರೆ ಜವಳಿಯವನ ಬುದ್ಧಿ ನೋಡಿ. ಸೀರೆಯ ಗಂಟನ್ನು ಲಾರಿಗೆ ಹಾಕಿದರೆ, ಹುನಗುಂದದಲ್ಲಿ ಲಾರಿ ಬದಲಾಗಲಿ, ಬಾಗಲಕೋಟೆಯಲ್ಲಿ ಬದಲಾಗಲಿ, ಬಿಲ್ಟಿ, ಅಂದರೆ ಸಾಗಣೆಯ ರಸೀದಿ, ಬರೆದುಕೊಟ್ಟವನೇ ಅದನ್ನು ಅಂಗಡಿಗೆ ಮುಟ್ಟಿಸಬೇಕು. ವಿಮಾನವೂ ಹಾಗೆಯೇ ಎಂದುಕೊಂಡ. ದೊಡ್ಡ ಕಂಪನಿಯ ಟಿಕೀಟು ಜೇಬಿನಲ್ಲಿದೆ, ಸೀರೆ ತಾನಾಗಿ ಬರುತ್ತದೆ ಎಂದು ಕೋಟಿನ ಸೂಟ್‌ಕೇಸು ಹಿಡಿದು ಹತ್ತಿದ. ಬಗಲಲ್ಲಿ ಗಂಟು ಇಟ್ಟುಕೊಂಡು ಇಳಿದರೆ ಬೆಳಗಾವಿಯ ಮಂದಿ ಏನಂದಾರು ಎಂಬ ಚಿಂತೆ ಬೇರೆ. ಮದುವೆ ಮರುದಿನ ಮುಂಜಾನೆ. ಮರುದಿನ ಆ ದಾರಿಗೆ ವಿಮಾನವೇ ಇರಲಿಲ್ಲ.

ಮಹಾಕೂಟಕ್ಕೆ ಕಾರು ಮಾಡಿಕೊಂಡು ಬಂದು, ಕೋಟು ರುಮಾಲಿನಲ್ಲಿ ಇಳಿದ. ಗುರುಲಿಂಗವ್ವ ಓಡಿ ಬಂದಳು.

"ಸೀರಿ ಎಲ್ಲೈತಿ ಅಣ್ಣಾ? ಹುಡುಗಿ ಜಳಕ ಮಾಡಿ ಕುಂತಾಳ."

"ಬರತೈತಿ. ಕಂಪನಿಯವರು ಕಳಸ್ತಾರ. ಮುಹೂರ್ತ ಒಂದೀಟ ಮುಂದ ಹಾಕ್ರಿ."

ಮದುವೆ ಮಾಡಿಸಲು ಬಂದಿದ್ದ ರಾಚಯ್ಯನವರು ತಲೆ ಎತ್ತಲೂ ಇಲ್ಲ. "ನಿನ್ನ ಕಂಪನಿ ಸಲುವಾಗಿ ಮುಹೂರ್ತ ನಿಂದ್ರಂಗಿಲ್ಲಪಾ" ಎಂದರು.

ಗುರುಲಿಂಗವ್ವನ ಕಣ್ಣು ತುಂಬಿತು. ಬೀಗರೆಲ್ಲ ನೋಡುತ್ತಿದ್ದರು. ಕಲ್ಲಪ್ಪ ಕೈಚೀಲ ಹಿಡಿದು ಒಂದು ಬದಿಗೆ ನಿಂತಿದ್ದ.

"ನೀ ತಂದೀಯೇನೋ ತಮ್ಮಾ?"

"ತಂದೇನಕ್ಕಾ. ಅಣ್ಣನ್ನ ಒಂದು ಮಾತು ಕೇಳು."

ಆಕೆ ಕೇಳಲಿಲ್ಲ. ಚೀಲ ಕಿತ್ತುಕೊಂಡು ಒಳಗೆ ಹೋದಳು.

ಹುಡುಗಿ ದಾಳಿಂಬೆ ಬಣ್ಣದ ಒಡಲಿನ, ಕೆಂಪು ಸೆರಗಿನ ಇಳಕಲ್ ಸೀರೆ ಉಟ್ಟು ಹೊರಬಂದಳು. ಚೆಂದ ಕಂಡಳು. ನಾಚಿಕೆಗೇಡಿ ಅಮಾತೆಪ್ಪ, ಕೋಟಿನ ಗುಂಡಿ ಹಾಕಿಕೊಂಡು, ಫೋಟೊದವನ ಕಡೆ ಒಮ್ಮೆ ನೋಡಿ, ಅವಳ ಕೈ ಹಿಡಿಯಲು ಮುಂದೆ ಬಂದ. ಗುರುಲಿಂಗವ್ವ ಅಡ್ಡ ನಿಂತಳು.

"ಸೀರಿ ತಂದಾವ ಕೈ ಹಿಡೀಲಿ. ನೀ ಅಲ್ಲಿ ಮಂದ್ಯಾಗ ನಿಂದ್ರಣ್ಣಾ. ಅಕ್ಕಿಕಾಳ ಕೊಡ್ತಾರ."

ಕಲ್ಲಪ್ಪ ಹುಡುಗಿಯನ್ನು ಹಂದರಕ್ಕೆ ಕರೆತಂದ. ಅಮಾತೆಪ್ಪ ನನ್ನ ಪಕ್ಕದಲ್ಲೇ ನಿಂತು, ಎಲ್ಲರ ಹಾಗೆ ಅಕ್ಕಿಕಾಳು ಹಾಕಿದ. ನನಗೇನೂ ಪಾಪ ಅನ್ನಿಸಲಿಲ್ಲ.